ಆರ್ ಮತ್ತು ಗುಂಟೆ: ಗಡಿಭಾಗದ ಒಂದು ಅಳತೆಪದ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡವನ್ನು ಕುರಿತು ಬರೆಯುವಾಗ ನಾವು ಅಳತೆಪದಗಳ ಕಡೆ ಸಾಕಷ್ಟು ಗಮನ ಕೊಟ್ಟಿಲ್ಲವೆಂದು ನನಗೆ ತೋರುತ್ತದೆ. ಇಲ್ಲಿಯ ಸಾತ್‌ಬಾರಾ ಉತಾರದಲ್ಲಿ ಜಮೀನಿನ ಲೆಕ್ಕ ಹೆಕ್ಟೇರ್, ಆರ್‌ಗಳಲ್ಲಿರುತ್ತದೆ. ಮಾತಿನಲ್ಲಿ ಮಾತ್ರ "ಎಷ್ಟ್ ಗುಂಟಿ ಐತಿ?" ಎಂದೇ ಕೇಳುವುದು. ಈ ಎರಡರ ನಡುವೆ "ಆರ್ ಅಂದ್ರ ಗುಂಟಿನೇ" ಎಂಬ ಅರ್ಥ ಹುಟ್ಟುತ್ತದೆ. ಅದನ್ನು ಹಾಗೆಯೇ ಪದಕೋಶಕ್ಕೆ ಸೇರಿಸುವುದನ್ನು ನಾನು ಒಪ್ಪಲಾರೆ.

ಮೊದಲು ವ್ಯುತ್ಪತ್ತಿಯನ್ನು ನೋಡೋಣ. ಈ ಆರ್ ಇಂಗ್ಲಿಷಿನ ಅಕ್ಷರವಲ್ಲ, ನಮ್ಮ ಸಂಖ್ಯೆ ಆರೂ ಅಲ್ಲ. 1795ರ ಫ್ರಾನ್ಸಿನ ಮೆಟ್ರಿಕ್ ಕಾನೂನು ಲ್ಯಾಟಿನ್ನಿನ 'ಆರೆಯಾ' ಪದದಿಂದ ಈ ಹೆಸರನ್ನು ಮಾಡಿಕೊಂಡಿತು. ಆರೆಯಾ ಎಂದರೆ ಬಯಲು ಜಾಗ. ತೆನೆ ಒಕ್ಕುವ ಕಣ ಎಂಬ ಅರ್ಥವೂ ಅದಕ್ಕುಂಟು. ಅಂದರೆ ಪದ ಹೊರಗಿನದಾದರೂ ಅದರ ಹಿಂದಿನ ವಸ್ತು ನಮ್ಮ ರೈತನಿಗೆ ಹೊಸದಲ್ಲ.

ಇನ್ನು ಪ್ರಮಾಣ. ಗುಂಟೆ 33 ಅಡಿ ಚೌಕದ ನೆಲ. 1089 ಚದರ ಅಡಿ, ಅಂದರೆ ಸುಮಾರು 101.17 ಚದರ ಮೀಟರ್. ಆರ್ ಸರಿಯಾಗಿ 100 ಚದರ ಮೀಟರ್. "ಇಷ್ಟರಾಗ ಏನ್ ಹೋಗ್ತೈತಿ?" ಎನ್ನಬಹುದು. ಆದರೆ 40 ಆರ್ ಅನ್ನು 40 ಗುಂಟೆಯೆಂದು ಎಣಿಸಿ ಎಕರೆ ಕೊಂಡವನಿಗೆ ಸುಮಾರು 47 ಚದರ ಮೀಟರ್ ನೆಲ ಕಡಿಮೆ ಬೀಳುತ್ತದೆ. ಒಂದು ಸಣ್ಣ ಮನೆಯ ಜಾಗವದು.

ಹೆಸರು ಒಂದೇ ಇದ್ದರೂ ಅಳತೆ ಒಂದೇ ಎನ್ನುವಂತಿಲ್ಲ. ನಮ್ಮ ಗುಂಟೆ ಎಕರೆಯ 40ನೇ ಒಂದು ಭಾಗ. ಒಡಿಶಾದ ಗುಂಠ 25ನೇ ಒಂದು ಭಾಗ. ಆದ್ದರಿಂದ ಗಡಿಭಾಗದ ಆಡುನುಡಿ ಕೋಶದಲ್ಲಿ ಅಳತೆಪದಗಳಿಗೆ ವ್ಯುತ್ಪತ್ತಿ, ಬಳಕೆಯ ಅರ್ಥ, ಪ್ರಮಾಣ ಈ ಮೂರನ್ನೂ ಬೇರೆಬೇರೆಯಾಗಿ ಕೊಡಬೇಕೆಂಬುದು ನನ್ನ ಸೂಚನೆ.