ಗಂಟೆಗೆ ಬಾಡಿಗೆ, ಕಲಿಕೆಗೆ ಬಾಟಾ

ಹಾಸನ ಜಿಲ್ಲೆಯಲ್ಲಿ ಜೆಸಿಬಿ ಓಡಿಸುವ ಹುಡುಗರಲ್ಲಿ ಹೆಚ್ಚಿನವರು ಅದನ್ನು ಯಾವ ಸಂಸ್ಥೆಯಲ್ಲೂ ಕಲಿತವರಲ್ಲ. ಹೆಲ್ಪರ್ ಆಗಿ ಸೇರುತ್ತಾರೆ, ಗ್ರೀಸ್ ಹೊಡೆಯುತ್ತಾರೆ, ಡೀಸೆಲ್ ಕ್ಯಾನ್ ಹೊರುತ್ತಾರೆ. ಆಪರೇಟರ್ ಊಟಕ್ಕೆ ಇಳಿದಾಗ ಲಿವರ್ ಮುಟ್ಟಿ ನೋಡುತ್ತಾರೆ. ಚನ್ನರಾಯಪಟ್ಟಣದ ಕಡೆ ತೆಂಗಿನ ಗುಂಡಿ, ಹೊಳೆನರಸೀಪುರದಲ್ಲಿ ನಾಲೆಯ ಹೂಳು, ಅರಕಲಗೂಡಿನಲ್ಲಿ ಶುಂಠಿ ಹೊಲದ ಬಸಿಗಾಲುವೆ, ಇವೇ ಅವರ ಪಾಠ. ಕೈಗೆ ಸಿಗುವುದು ಊಟ ಮತ್ತು ಬಾಟಾ.

ಈ ಪದ್ಧತಿಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಕೆಟ್ಟಿನ ಹಲ್ಲು ಬಂಡೆಗೆ ತಗುಲಿದ್ದನ್ನು ಸದ್ದಿನಲ್ಲೇ ಹಿಡಿಯುವ ಕಿವಿ ತರಗತಿಯಲ್ಲಿ ಬರುವುದಿಲ್ಲ. ಆದರೆ ಅವಸರದ ಬಾಡಿಗೆಯಲ್ಲಿ ಕಲಿತವನಿಗೆ ಗಾಡಿಯನ್ನು ಯಾವಾಗ ನಿಲ್ಲಿಸಬೇಕೆಂದು ಯಾರೂ ಹೇಳಿರುವುದಿಲ್ಲ. ತಲೆಯ ಮೇಲಿನ ವಿದ್ಯುತ್ ತಂತಿ, ಕುಸಿಯುವ ಗುಂಡಿಯ ಅಂಚು, ಜಾಕ್ ಇಳಿಸದೆ ಬೂಮ್ ತಿರುಗಿಸುವುದು: ಈ ಪಾಠಗಳು ಅಪಘಾತವಾದ ಮೇಲೆ ಬರುತ್ತವೆ. ಕಲಿಯುವಾಗ ದುಡಿದ ತಿಂಗಳುಗಳಿಗೆ ಕಾಗದವೂ ಇಲ್ಲ.

ಕಾಗದ ಕೊಡಲೆಂದೇ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅದರ ನಿಯಮಗಳ 2019ರ ತಿದ್ದುಪಡಿಯಲ್ಲಿ ತಿಂಗಳ ಕನಿಷ್ಠ ಶಿಷ್ಯವೇತನ ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿ ಎಂದು ನಿಗದಿಯಾಯಿತು. 2016ರಲ್ಲಿ ಬಂದ ರಾಷ್ಟ್ರೀಯ ಯೋಜನೆಯಲ್ಲಿ ಇದರ ಕಾಲುಭಾಗವನ್ನು, ಗರಿಷ್ಠ 1,500 ರೂಪಾಯಿಯನ್ನು, ಕೇಂದ್ರ ಭರಿಸುತ್ತದೆ. ಗಂಟೆಗೆ ನಾಲ್ಕೈದು ಲೀಟರ್ ಡೀಸೆಲ್ ಕುಡಿಯುವ ಗಾಡಿಗೆ ಅಷ್ಟು ಹಣ ಅರ್ಧ ದಿನದ ಎಣ್ಣೆ. ಹೊಸಬ ಒಂದು ಗುಂಡಿಗೆ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ, ರೈತ ಅದಕ್ಕೆ ಬಾಡಿಗೆ ಕೊಡುವುದಿಲ್ಲ, ಬ್ಯಾಂಕಿನ ಕಂತೂ ನಿಲ್ಲುವುದಿಲ್ಲ. ಮಾಲೀಕ ಹಿಂಜರಿದರೆ ಅದು ಜಿಪುಣತನವಲ್ಲ.

ಯೋಜನೆಯ ದೊಡ್ಡ ದೋಷ ಬೇರೆಯದೇ. ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು 30 ಜನರಿದ್ದ ಕಡೆ ಕಡ್ಡಾಯ, 4ರಿಂದ 29 ಜನರಿದ್ದರೆ ಐಚ್ಛಿಕ. ಒಂದು ಗಾಡಿ, ಒಬ್ಬ ಆಪರೇಟರ್, ಒಬ್ಬ ಹೆಲ್ಪರ್ ಇಟ್ಟುಕೊಂಡವನು ಲೆಕ್ಕಕ್ಕೇ ಬರುವುದಿಲ್ಲ. ಊರಿನ ಹುಡುಗ ಕಲಿಯುವುದು ಅಲ್ಲಿಯೇ. ಹೆದ್ದಾರಿ, ಎತ್ತಿನಹೊಳೆಯಂಥ ದೊಡ್ಡ ಕಾಮಗಾರಿಯ ಗುತ್ತಿಗೆದಾರರು ಈ ಮಿತಿಯೊಳಗೆ ಬಂದರೂ, ಕೆಲಸ ಮುಗಿದ ದಿನ ಕ್ಯಾಂಪ್ ಕಿತ್ತು ಹೊರಡುತ್ತಾರೆ.

ಅಮೆರಿಕದ ಆಪರೇಟಿಂಗ್ ಎಂಜಿನಿಯರ್ಸ್ ಸಂಘದ ತರಬೇತಿಯಲ್ಲಿ ಸಾಮಾನ್ಯವಾಗಿ 6,000 ಗಂಟೆ ಕೆಲಸ ಮಾಡಬೇಕು. ಗಂಟೆಗಳು ಕೂಡಿದಂತೆ ಕೂಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ತರಬೇತಿ ನಿಧಿಗೆ ಮಾಲೀಕರು ಗಂಟೆ ಲೆಕ್ಕದಲ್ಲೇ ಹಣ ಹಾಕುತ್ತಾರೆ. ಅಷ್ಟು ಬಲದ ಸಂಘ ನಮ್ಮಲ್ಲಿಲ್ಲ. ಆದರೆ ಹಲವು ಮಾಲೀಕರು ಕೂಡಿ ಒಬ್ಬ ಕಲಿಯುವವನನ್ನು ತಮ್ಮ ತಮ್ಮ ಕೆಲಸಗಳ ನಡುವೆ ಸುತ್ತಿಸಿ ಕಲಿಸಲು ನಮ್ಮ ಕಾಯ್ದೆಯ 8ನೇ ಕಲಮಿನಲ್ಲೇ ಅವಕಾಶವಿದೆ. ತಾಲ್ಲೂಕಿನ ಐದಾರು ಜೆಸಿಬಿ ಮಾಲೀಕರನ್ನು ಕೂರಿಸಿ, ಸರ್ಕಾರಿ ಐಟಿಐ ಒಂದನ್ನು ನಡುವೆ ಇಟ್ಟು, ಅಭ್ಯಾಸದ ಡೀಸೆಲ್ಲಿಗೆ ಬೇರೆಯಾಗಿ ಹಣ ತೆಗೆದಿಟ್ಟರೆ ಈ ಕಲಮಿಗೆ ಜೀವ ಬರುತ್ತದೆ. ಗಾಡಿಯ ಅವರ್ ಮೀಟರ್ ಹೇಗೂ ಬಾಡಿಗೆಗಾಗಿ ಓಡುತ್ತಿರುತ್ತದೆ. ಹೆಲ್ಪರ್ ಲಿವರ್ ಹಿಡಿದ ಗಂಟೆಗಳನ್ನು ಅದೇ ಪುಸ್ತಕದಲ್ಲಿ ಬರೆದು ಮಾಲೀಕ ಸಹಿ ಹಾಕಲಿ. ಆಪರೇಟರ್ ಸಂಬಳ ಕೇಳುವ ದಿನ ಹುಡುಗನಿಗೆ ತೋರಿಸಲು ಅದಾದರೂ ಇರುತ್ತದೆ.