ಹುಳ ಮೇಯುವ ಸದ್ದು

ಎರಿಕ್ ಕಾರ್ಲ್ 1969ರಲ್ಲಿ ತಂದ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಪುಸ್ತಕದ ಹಾಳೆಗಳಲ್ಲಿ ನಿಜವಾದ ತೂತುಗಳಿವೆ, ಹುಳ ಕೊರೆದು ಹೋದ ದಾರಿ. ರಾಮನಗರದ ಕಡೆಯ ಒಂದು ಹಳ್ಳಿ ಶಾಲೆಯ ಮಕ್ಕಳು ಆ ತೂತಿಗೆ ಬೆರಳು ತೂರಿಸಿ ನೋಡಿ, ಅದನ್ನೇ ನಾಟಕ ಮಾಡಿದರು. ಕತೆಯ ಹುಳ ತಿನ್ನುವುದು ಸೇಬು, ಕಿತ್ತಳೆ ಎಂದಾಗಲೇ ತಕರಾರು ಎದ್ದಿತಂತೆ: “ನಮ್ಮ ಹುಳ ಹಿಪ್ಪುನೇರಳೆ ಬಿಟ್ಟು ಇನ್ನೇನೂ ಮುಟ್ಟಲ್ಲ ಮಿಸ್!” ರೇಷ್ಮೆ ಸಾಕುವ ಮನೆಯ ಮಕ್ಕಳು, ಸುಮ್ಮನಿರುತ್ತಾರೆಯೇ?

ನನ್ನನ್ನು ಹಿಡಿದು ಕೂರಿಸಿದ್ದು ಸದ್ದು. ಪರದೆಯ ಹಿಂದೆ ನಾಲ್ವರು ಮೊರದಲ್ಲಿ ಒಣಗಿದ ಎಲೆ ಹರಡಿ ಅಂಗೈಯಿಂದ ಮೆಲ್ಲಗೆ ಉಜ್ಜುತ್ತಿದ್ದರು. ಹೆಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ. ಕೊನೇ ಜ್ವರ ಎದ್ದ ಹುಳ ಸೊಪ್ಪು ಮೇಯುವುದು ಥೇಟ್ ಹೀಗೇ. ನಡುವೆ ನಾಲ್ಕು ಸಲ ಸದ್ದು ನಿಂತಿತು. ಪಕ್ಕದಲ್ಲಿದ್ದ ಪೇಟೆಯವರೊಬ್ಬರು, ಪಾಪ, ಮಕ್ಕಳು ಮಾತು ಮರೆತರೆಂದುಕೊಂಡರು. ಹುಳಕ್ಕೆ ಜ್ವರ ನಾಲ್ಕು. ಆಗ ಅದು ಮೇವು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಕಾಯುತ್ತದೆ. ಹುಳವಾಗಿದ್ದ ಹುಡುಗಿಯೂ ಕತ್ತು ಎತ್ತಿ, ಅಲುಗದೆ ಕೂತಿದ್ದಳು.

ಕಡೆಗೆ ಅವಳು ಮೇವು ಮುಗಿಸಿ ‘ಹಣ್ಣಾಗಿ’, ಹುಳ ಗೂಡು ಕಟ್ಟುವ ಹಳೆಯ ಬಿದಿರಿನ ಚಂದ್ರಿಕೆಗೆ ಒರಗಿ, ತಲೆಯನ್ನು ಇಂಗ್ಲಿಷಿನ ಎಂಟರಂತೆ ಆಡಿಸುತ್ತಾ ಗೂಡು ಕಟ್ಟಿಕೊಂಡಳು. ಗೂಡಿನಿಂದ ಬಂದ ಚಿಟ್ಟೆ ಮಾತ್ರ ಹಾರಲಿಲ್ಲ, ರೆಕ್ಕೆ ಬಡಿಯುತ್ತಾ ನಡೆದುಕೊಂಡೇ ಹೋಯಿತು. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ.