ವಿಲಿಯಂ ಆರ್ಥರ್ ಅವರ ಗ್ರಂಥಗಳಲ್ಲಿ ಸ್ವಲಾಭ ಮತ್ತು ಸಮುದಾಯ: ಗುಬ್ಬಿಯ ದೃಷ್ಟಿಯಿಂದ ಒಂದು ವಿಮರ್ಶೆ

ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕಾರ್ಯವನ್ನು 1837ರಲ್ಲಿ ಆರಂಭಿಸಿದವರು ಥಾಮಸ್ ಹಾಡ್ಸನ್. ಎರಡು ವರ್ಷಗಳ ತರುವಾಯ ಅವರನ್ನು ಬಂದು ಕೂಡಿಕೊಂಡ ವಿಲಿಯಂ ಆರ್ಥರ್ ಆಗಿನ್ನೂ ಇಪ್ಪತ್ತರ ಐರಿಷ್ ತರುಣ. ಕಣ್ಣಿನ ಬೇನೆಯಿಂದಾಗಿ 1841ರಲ್ಲಿಯೇ ಅವರು ಸ್ವದೇಶಕ್ಕೆ ಮರಳಬೇಕಾಯಿತು. ಆ ಅಲ್ಪಕಾಲದ ವಾಸದ ಫಲವೇ 1847ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ಎ ಮಿಷನ್ ಟು ದ ಮೈಸೂರ್'. ಇದನ್ನು ನಮ್ಮ ವಿದ್ಯಾರ್ಥಿಗಳು ಪ್ರವಾಸ ಕಥನವೆಂದು ಓದುವುದುಂಟು. ನಾವು ಇಲ್ಲಿ ಎತ್ತಬಯಸುವ ಪ್ರಶ್ನೆ ಬೇರೆ. ಸ್ವಂತ ಲಾಭಕ್ಕಿಂತ ಸಮುದಾಯದ ಹಿತ ಮೊದಲು ಎಂಬ ಕ್ರೈಸ್ತ ತತ್ತ್ವಕ್ಕೆ ಆರ್ಥರ್ ತಮ್ಮ ಬರೆವಣಿಗೆಯಲ್ಲಿ ಎಷ್ಟರಮಟ್ಟಿಗೆ ನ್ಯಾಯ ಸಲ್ಲಿಸಿದ್ದಾರೆ?

ತತ್ತ್ವದ ಮೂಲ ಸ್ಪಷ್ಟವಾಗಿಯೇ ಇದೆ. 'ಅಪೊಸ್ತಲರ ಕೃತ್ಯಗಳು' ಎಂಬ ಗ್ರಂಥದ ಎರಡನೆಯ ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಆದಿಸಭೆಯವರು ಆಸ್ತಿಯನ್ನು ಮಾರಿ, ಬಂದುದನ್ನು ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೊಂಡುದು ಹೇಳಲ್ಪಟ್ಟಿದೆ. ಹೊಲ ಮಾರಿ ಹಣ ಒಪ್ಪಿಸಿದ ಬಾರ್ನಬನೂ, ಹಣದಲ್ಲೊಂದು ಪಾಲನ್ನು ಬಚ್ಚಿಟ್ಟುಕೊಂಡ ಅನನೀಯನೂ ಅಲ್ಲಿ ಎದುರುಬದುರಾಗಿ ನಿಂತಿದ್ದಾರೆ. ಮೆಥೊಡಿಸ್ಟ್ ಪಂಥದ ಪ್ರವರ್ತಕ ಜಾನ್ ವೆಸ್ಲಿ ಇದನ್ನು ಗಳಿಕೆ, ಉಳಿಕೆ, ದಾನ ಎಂಬ ಮೂರು ಮೆಟ್ಟಿಲುಗಳಾಗಿ ಬೋಧಿಸಿದರು. ಆರ್ಥರ್ ಈ ಪರಂಪರೆಯವರು.

ಇಂಗ್ಲೆಂಡಿಗೆ ಮರಳಿದ ಮೇಲೆ ಅವರು ಬರೆದುದರಲ್ಲಿ ಎರಡು ಕೃತಿಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಬ್ರಿಸ್ಟಲ್ ಸಮೀಪದ ಕಿಂಗ್ಸ್‌ವುಡ್ಡಿನ ಸಗಟು ವ್ಯಾಪಾರಿ ಸ್ಯಾಮ್ಯುಅಲ್ ಬಜೆಟ್ ಎಂಬವರ ಚರಿತ್ರೆಯಾದ 'ದ ಸಕ್ಸೆಸ್‌ಫುಲ್ ಮರ್ಚೆಂಟ್' (1852) ಒಂದು. ಆದಾಯದ ನಿಯತಾಂಶವೊಂದನ್ನು ದಾನಕ್ಕೆ ಮೀಸಲಿಡುವುದು ಕರ್ತವ್ಯವೆಂದು ಪ್ರತಿಪಾದಿಸುವ 1855ರ ಉಪನ್ಯಾಸ ಇನ್ನೊಂದು. ವ್ಯಾಪಾರವೂ ಧರ್ಮದ ಕಣ್ಣಳತೆಯಲ್ಲಿಯೇ ನಡೆಯಬೇಕೆಂಬ ಅವರ ಹಟ ಮೆಚ್ಚತಕ್ಕದ್ದು. ಆದರೆ ಈ ವಿಚಾರಸರಣಿಯ ಕೇಂದ್ರದಲ್ಲಿರುವವನು ಯಾರು? ಸ್ವಂತ ಅಂಗಡಿ, ಸ್ವಂತ ಲೆಕ್ಕದ ಪುಸ್ತಕ ಉಳ್ಳ ಒಬ್ಬ ಗೃಹಸ್ಥ. ಕೊಡುವವನು ಅವನು, ಕೊಡಬೇಕಾದುದನ್ನು ಅಳೆಯುವವನೂ ಅವನೇ. ಪಡೆಯುವವರು ಆ ಲೆಕ್ಕದ ಹೊರಗೆ ನಿಂತಿರುತ್ತಾರೆ.

ಈ ಅಳತೆಗೋಲನ್ನು ಗುಬ್ಬಿಗೆ ತಂದು ನೋಡೋಣ. ಗುಬ್ಬಿ ಅಂದು ಅಜ್ಞಾತ ಕುಗ್ರಾಮವಾಗಿರಲಿಲ್ಲ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್ ಅದನ್ನು ವ್ಯಾಪಾರದ ಪೇಟೆಯೆಂದೇ ಗುರುತಿಸಿದ್ದಾನೆ. ಅಂಥ ಊರಿನಲ್ಲಿ ಕ್ರೈಸ್ತನಾಗಲು ಮುಂದಾದವನ ಸ್ಥಿತಿ ಏನು? ಅವಿಭಕ್ತ ಕುಟುಂಬದ ಪಾಲು, ಹೆಣ್ಣು ಕೊಟ್ಟು ತರುವ ಸಂಬಂಧ, ನೀರು, ಬೆಂಕಿ ಎಲ್ಲವೂ ಕುಲದ ಕೈಯಲ್ಲಿದ್ದವು. ಜಾತಿಭ್ರಷ್ಟನಾದವನಿಗೆ ಪಿತ್ರಾರ್ಜಿತ ತಪ್ಪಬಾರದೆಂದು ಕಂಪನಿ ಸರ್ಕಾರ ಕಾಯಿದೆ ಮಾಡಿದ್ದು 1850ರಲ್ಲಿ. ಆರ್ಥರ್ ಗುಬ್ಬಿಯಲ್ಲಿದ್ದಾಗ ಅದೂ ಇರಲಿಲ್ಲ. ಆದಾಯದ ಹತ್ತರಲ್ಲೊಂದನ್ನು ಕೊಡುವ ಮಾತು ಹಾಗಿರಲಿ, ಇಂಥವನು ಹತ್ತನ್ನೂ ಬಿಟ್ಟು ಹೊರಬರಬೇಕಾಗಿತ್ತು. ಹೀಗಿದ್ದೂ ಹೊಟ್ಟೆಪಾಡಿಗಾಗಿ ಜಾತಿ ಕೆಟ್ಟರೆಂಬ ದೂರು ಇಂಥವರ ಬೆನ್ನು ಬಿಡಲಿಲ್ಲ, ಇಂದಿಗೂ ಬಿಟ್ಟಿಲ್ಲ. ಬಡವನಿಗೆ ಲಾಭದ ಆಸೆಯಿದ್ದಿರಬಹುದು; ಅದನ್ನು ಅಲ್ಲಗಳೆಯುವುದು ಚರಿತ್ರಕಾರನ ಕೆಲಸವಲ್ಲ. ನಷ್ಟದ ಪಟ್ಟಿಯನ್ನು ಬಿಟ್ಟು ಲಾಭದ ಪಟ್ಟಿಯನ್ನಷ್ಟೇ ಓದುವುದು ಮಾತ್ರ ಅನ್ಯಾಯ.

ಆರ್ಥರ್ ಅವರ ಕೊರತೆ ನಮಗೆ ಇಲ್ಲಿಯೇ ಕಾಣುತ್ತದೆ. ಜಾತಿಯನ್ನು ಅವರು ಸುವಾರ್ತೆಗೆ ಅಡ್ಡವಾದ ಗೋಡೆಯೆಂದು ಕಂಡರು. ಗೋಡೆ ಹೌದು, ಆದರೆ ಅದರ ಒಳಗಿದ್ದವರಿಗೆ ಅದೇ ಮನೆಯೂ ಆಗಿತ್ತು, ಬರಗಾಲದ ಹಗೇವೂ ಆಗಿತ್ತು. ಅದರಿಂದ ಹೊರಬಂದವನನ್ನು ಯಾವ ಮನೆ ಸೇರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಅವರು ಅದಕ್ಕೆ ತಕ್ಕ ಭಾರದಿಂದ ಎತ್ತಿಕೊಳ್ಳಲಿಲ್ಲ. ಹಾಡ್ಸನ್ ಅವರ 'ಓಲ್ಡ್ ಡೇನಿಯಲ್' (1877) ಗುಬ್ಬಿ ವಲಯದ ಮತಾಂತರಿತನೊಬ್ಬನ ಚರಿತ್ರೆ. ಅಲ್ಲಿಯೂ ಹೆಸರು ಪಡೆದಿರುವುದು ವ್ಯಕ್ತಿಯೇ.

ಉತ್ತರ ದೊರೆತದ್ದು ಗ್ರಂಥಗಳಿಂದಲ್ಲ, ಕ್ಷಾಮದಿಂದ. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ 1876-78ರ ಬರದ ಅನಂತರ, 1881ರ ಗಣತಿಯಲ್ಲಿ, 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆಗ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳ ಅನಾಥಾಲಯವನ್ನು ನಡೆಸಿದರು. ಕೈಕಸುಬಿನ ಶಿಕ್ಷಣವೂ ಅದರೊಂದಿಗೆ ಬೆಳೆಯಿತು. ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಇಂಥ ಮಕ್ಕಳಿಗೆ ಸಮುದಾಯವೆಂಬುದು ಉಪದೇಶವಾಗಿ ಅಲ್ಲ, ಊಟವಾಗಿ ಬಂದಿತು. ಆ ಮಕ್ಕಳು ಅದನ್ನು ತಾವಾಗಿ ಆರಿಸಿಕೊಂಡವರಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಬಾರ್ನಬನು ತನ್ನ ಹೊಲವನ್ನು ತಾನೇ ಮಾರಿದವನು. ಇವರಿಗೆ ಮಾರಲು ಏನೂ ಉಳಿದಿರಲಿಲ್ಲ. ಅನ್ನದಾತನಾದ ಸಂಸ್ಥೆಗೂ ಅನ್ನವುಂಡ ಸಭೆಗೂ ನಡುವೆ ಇರುವ ಈ ಅಸಮತೆಯನ್ನು ಮಿಷನ್ನಿನ ಚರಿತ್ರಕಾರರು ಮುಟ್ಟಿಯೂ ಮುಟ್ಟದಂತೆ ದಾಟಿಹೋಗುತ್ತಾರೆ.

ಆರ್ಥರ್ ಬರುವುದಕ್ಕೆ ಒಂದು ವರ್ಷ ಮೊದಲು, 1838ರಲ್ಲಿ, ಅದೇ ಗುಬ್ಬಿಯಲ್ಲಿ ತೋಟದಪ್ಪನವರು ಜನಿಸಿದರು. ಬೆಂಗಳೂರಿನಲ್ಲಿ ವ್ಯಾಪಾರದಿಂದ ಗಳಿಸಿದ ಐಶ್ವರ್ಯವನ್ನು ಅವರು ರೈಲು ನಿಲ್ದಾಣದ ಬಳಿಯ ಧರ್ಮಛತ್ರಕ್ಕೂ ವಿದ್ಯಾರ್ಥಿಗಳ ಉಚಿತ ನಿಲಯಕ್ಕೂ ಧಾರೆಯೆರೆದರು. ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಬಜೆಟ್ ಅವರ ಚರಿತ್ರೆಯ ಪಕ್ಕದಲ್ಲಿಟ್ಟು ಓದಬೇಕಾದ ಜೀವನವಿದು. ಕುಣಿಗಲ್ ತಾಲ್ಲೂಕಿನ ಎಡೆಯೂರು, ತುಮಕೂರಿನ ಸಿದ್ಧಗಂಗೆ ಮೊದಲಾದ ಕ್ಷೇತ್ರಗಳಲ್ಲಿ ಬಾಳುತ್ತಿರುವ ದಾಸೋಹ ಭಾವದಲ್ಲಿ ಕೊಡುವವನು ತಾನು ದಾನಿಯೆಂಬ ಎಣಿಕೆಯನ್ನೇ ಕಳೆದುಕೊಳ್ಳಬೇಕು; ನಿಯತಾಂಶದ ಲೆಕ್ಕಕ್ಕೆ ಅಲ್ಲಿ ಎಡೆಯಿಲ್ಲ. ಆರ್ಥರ್ ತಮ್ಮ ನೆರೆಯಲ್ಲಿಯೇ ಇದ್ದ ಈ ಭಾವವನ್ನು ಅರಸಿದ್ದರೆ, ಆದಿಸಭೆಯ ಕಥೆಯನ್ನು ಕನ್ನಡದ ಕಿವಿಗೆ ಮುಟ್ಟಿಸಲು ಅವರಿಗೆ ಬೇರೊಂದು ನುಡಿಗಟ್ಟು ದೊರೆಯುತ್ತಿತ್ತೆಂದು ನಾವು ಭಾವಿಸುತ್ತೇವೆ.

1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾದಾಗ ಈ ಪ್ರದೇಶದ ಮೆಥೊಡಿಸ್ಟ್ ಸಭೆಗಳೂ ಅದರಲ್ಲಿ ಸೇರಿದವು. ಅಲ್ಲಿಂದೀಚೆಗೆ ಚರಿತ್ರೆಯನ್ನು ಸಭೆಯ ಜನರ ಕಡೆಯಿಂದ ಬರೆಯುವ ಅವಕಾಶ ತೆರೆದಿದೆ. ಮೊದಲ ತಲೆಮಾರಿನಲ್ಲಿ ಯಾರು ಯಾರಿಗೆ ಮನೆಯ ಬಾಗಿಲು ತೆರೆದರು, ಯಾರ ಮಕ್ಕಳಿಗೆ ಯಾರು ಹೆಣ್ಣು ಕೊಟ್ಟರು, ಯಾರ ಹೊಲವನ್ನು ಯಾರು ಉತ್ತರು ಎಂಬುದನ್ನು ಆರ್ಥರ್ ಗ್ರಂಥ ಹೇಳದು. ಜ್ಞಾನಸ್ನಾನ ಮತ್ತು ವಿವಾಹದ ದಾಖಲೆಗಳನ್ನು ಕಂದಾಯದ ಕಾಗದಪತ್ರಗಳೊಡನೆ ಹೋಲಿಸಿ ಓದುವ ಸಂಶೋಧಕರು ಗುಬ್ಬಿಯಿಂದಲೇ ಆರಂಭಿಸುವುದು ಲೇಸು.